ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಸೈಕಲ್: ಮೊದಲ ಹದಿನಾಲ್ಕು ದಿನ ತುಳಿಯುವುದು ಹೇಗೆ?

ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ 3,700 ಕಿ.ಮೀ.ಗೂ ಜಾಸ್ತಿ ದೂರ. ಎರಡು ತಿಂಗಳ ಕೆಲಸ. ಮಂಡಿ ನೋವು, ಸೀಟಿನ ಹುಣ್ಣು, ಹಿಂದಿನ ಚಕ್ರದ ಕಡ್ಡಿ ಮುರಿಯುವುದು ಎಲ್ಲವೂ ಮೊದಲ ದಿನಗಳಲ್ಲೇ ತಲೆ ಎತ್ತುತ್ತವೆ. ಆ ದಿನಗಳನ್ನು ಸರಿಯಾಗಿ ಕಳೆದರೆ ಮುಂದಿನ ದಾರಿ ಹಗುರ. ಅದಕ್ಕೆ ಇರುವುದು ಒಂದೇ ಸೂತ್ರ: ನಿಮ್ಮ ಕಾಲಿಗೆ ಎಷ್ಟು ಸಾಧ್ಯವೋ ಅದಕ್ಕಿಂತ ಕಡಿಮೆ ತುಳಿಯಿರಿ.

ಕರ್ನಾಟಕದವರಿಗೆ ಈ ದಾರಿ ದಕ್ಷಿಣದಿಂದಲೇ ಶುರುವಾಗುವುದು ಒಳ್ಳೆಯದು. ಮೊದಲ ಸುಮಾರು 680 ಕಿ.ಮೀ. ಮುಗಿಯುವುದು ಬೆಂಗಳೂರಿನಲ್ಲಿ. ಸೈಕಲ್ ರಿಪೇರಿ ಮಾಡಿಸಲು, ಬೇಡದ ಸಾಮಾನು ಇಳಿಸಲು, ಮನೆ ಊಟ ಮಾಡಲು ಇದಕ್ಕಿಂತ ಒಳ್ಳೆಯ ನಿಲ್ದಾಣ ಸಿಗುವುದಿಲ್ಲ.

ಯಾವಾಗ, ಹೇಗೆ ತಲುಪುವುದು?

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಮಿಳುನಾಡಿನಲ್ಲಿ ಹಿಂಗಾರು ಮಳೆ. ಚಳಿಗಾಲದಲ್ಲಿ ಕಾಶ್ಮೀರದ ದಾರಿಯಲ್ಲಿ ಹಿಮ, ಭೂಕುಸಿತ. ಏಪ್ರಿಲ್ ಮುಗಿಯುವ ಹೊತ್ತಿಗೆ ನಾಗಪುರ ಕೆಂಡ. ಇವೆಲ್ಲದರ ನಡುವೆ ಉಳಿಯುವ ಕಿಂಡಿ ಫೆಬ್ರವರಿ. ಆ ತಿಂಗಳ ಮೊದಲ ಎರಡು ವಾರದೊಳಗೆ ಹೊರಟರೆ ಏಪ್ರಿಲ್ ಮಧ್ಯದೊಳಗೆ ಶ್ರೀನಗರ ಸೇರಬಹುದು.

ಬೆಂಗಳೂರಿನಿಂದ ಕನ್ಯಾಕುಮಾರಿಗೆ ನೇರ ರೈಲಿದೆ. ಸೈಕಲ್ ಬುಕ್ ಮಾಡುವಾಗ ಪಾರ್ಸೆಲ್ ಕಚೇರಿಯಲ್ಲಿ ನಿಮ್ಮ ಟಿಕೆಟ್ ತೋರಿಸಿ, ‘ಲಗೇಜ್’ ಎಂದೇ ಬರೆಸಿ. ಬರೀ ಪಾರ್ಸೆಲ್ ಎಂದು ಬರೆಸಿದರೆ ನೀವು ಒಂದು ರೈಲಿನಲ್ಲಿ, ಸೈಕಲ್ ಇನ್ನೊಂದರಲ್ಲಿ ಬರಬಹುದು. ಲೈಟು, ಪಂಪು, ಬಾಟಲಿ ಬಿಚ್ಚಿ ಕೈಚೀಲಕ್ಕೆ ಹಾಕಿ. ಗೇರಿನ ಭಾಗಕ್ಕೆ ರಟ್ಟು ಸುತ್ತಿ. ಪೆಡಲ್ ಬಿಚ್ಚುವುದಾದರೆ ನೆನಪಿರಲಿ, ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಬಲವಂತ ಮಾಡಿದರೆ ಇನ್ನಷ್ಟು ಬಿಗಿಯುತ್ತದೆ.

ಮೊದಲ ದಿನ: 45 ಕಿ.ಮೀ. ಸಾಕು

ಸೂರ್ಯೋದಯ ನೋಡಿ ಹೊರಡುವ ಆಸೆ ಎಲ್ಲರಿಗೂ ಇರುತ್ತದೆ. ನೋಡಿ, ಆದರೆ ಏಳು ಗಂಟೆಗೆ ಚಕ್ರ ಉರುಳುತ್ತಿರಲಿ. ಕಾವಲ್‌ಕಿಣರು, ಪಣಗುಡಿ ಸುತ್ತ ಎಲ್ಲಿ ನೋಡಿದರೂ ಗಾಳಿಯಂತ್ರ. ಪಶ್ಚಿಮ ಘಟ್ಟದ ತುದಿಯ ಅರಲ್ವಾಯ್‌ಮೊಳಿ ಸಂದಿನಿಂದ ಗಾಳಿ ನುಗ್ಗುವ ಜಾಗ ಇದು. ಮುಂಗಾರಿನಲ್ಲಿ ಇಲ್ಲಿ ಸೈಕಲ್ ನೆಟ್ಟಗೆ ಹಿಡಿಯುವುದೇ ಕಷ್ಟ. ಫೆಬ್ರವರಿಯಲ್ಲಿ ಅಷ್ಟು ಆರ್ಭಟ ಇಲ್ಲದಿದ್ದರೂ ಬೆಳಗಿನ ಹೊತ್ತೇ ಸುಖ.

ವಳ್ಳಿಯೂರಿನಲ್ಲಿ ನಿಲ್ಲಿ. ಮಧ್ಯಾಹ್ನಕ್ಕೇ ತಲುಪಿರುತ್ತೀರಿ, ಕಾಲು ಇನ್ನೂ ಹೋಗೋಣ ಅನ್ನುತ್ತದೆ. ಹೋಗಬೇಡಿ. ಹುಮ್ಮಸ್ಸಿನಲ್ಲಿ ಮೊದಲ ದಿನ ನೂರು ಕಿ.ಮೀ. ತುಳಿದರೆ ಅದರ ಲೆಕ್ಕ ಮೂರನೇ ದಿನ ಮಂಡಿಗೆ ಬರುತ್ತದೆ. ಉಳಿದ ಹೊತ್ತಿನಲ್ಲಿ ಸೈಕಲ್ ನೋಡಿ. ಕ್ಯಾರಿಯರ್‌ನ ಬೋಲ್ಟುಗಳು ಮೊದಲ ದಿನವೇ ಸಡಿಲವಾಗುವುದು ಮಾಮೂಲು. ಒಂದೊಂದನ್ನೂ ಬಿಗಿ ಮಾಡಿ. ಬೆಂಗಳೂರುವರೆಗೂ ಇದು ದಿನಾ ಸಂಜೆಯ ಕೆಲಸ.

ಎರಡರಿಂದ ಐದನೇ ದಿನ: ಮೈ ಮಾತಾಡುವ ಹೊತ್ತು

ತಿರುನೆಲ್ವೇಲಿ, ಕೋವಿಲ್‌ಪಟ್ಟಿ, ವಿರುದುನಗರ, ಮದುರೈ. ಒಂದರಿಂದ ಇನ್ನೊಂದಕ್ಕೆ 45ರಿಂದ 55 ಕಿ.ಮೀ. ರಸ್ತೆ ಹೆಚ್ಚುಕಡಿಮೆ ಸಪಾಟು. ನೋವುಗಳು ಕಾಣಿಸಿಕೊಳ್ಳುವುದು ಇಲ್ಲೇ. ಅವುಗಳ ಮಾತು ಕೇಳಿಸಿಕೊಳ್ಳಲು ಕಲಿಯಬೇಕು.

ಮಂಡಿಯ ಮುಂಭಾಗ ನೋಯುತ್ತಿದೆಯಾ? ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ. ಹಿಂಭಾಗ ಎಳೆಯುತ್ತಿದ್ದರೆ ಎತ್ತರವಾಗಿದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲನ್ನು ಪೂರ್ತಿ ಕೆಳಕ್ಕೆ ತಂದಾಗ ಕಾಲು ನೆಟ್ಟಗಾದರೆ ಎತ್ತರ ಸರಿಯಿದೆ. ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಎರಡು-ಮೂರು ಮಿಲಿಮೀಟರ್ ಮಾತ್ರ, ಆಮೇಲೆ ಅರ್ಧ ದಿನ ತುಳಿದು ನೋಡಿ. ಗಟ್ಟಿ ಗೇರಿನಲ್ಲಿ ಒತ್ತಿ ತುಳಿಯುವ ಅಭ್ಯಾಸ ಬಿಡಿ. ಹಗುರ ಗೇರು ಹಾಕಿ ನಿಮಿಷಕ್ಕೆ 80 ಸುತ್ತಿನ ಹತ್ತಿರ ಕಾಲು ತಿರುಗಲಿ. ಹೀಗೆ ತುಳಿದರೆ ಮಂಡಿ ಉಳಿಯುತ್ತದೆ.

ಸೀಟಿನ ಹುಣ್ಣಿನ ಬಗ್ಗೆ ಹೇಳಿಕೊಳ್ಳಲು ಎಲ್ಲರಿಗೂ ಮುಜುಗರ. ಆದರೆ ಪ್ರಯಾಣವನ್ನೇ ನಿಲ್ಲಿಸುವ ಶಕ್ತಿ ಅದಕ್ಕಿದೆ. ಪ್ಯಾಡ್ ಇರುವ ಚಡ್ಡಿ ಎರಡು ಜೊತೆ ಇರಲಿ. ಅದರ ಒಳಗೆ ಬೇರೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಬೆಳಿಗ್ಗೆ ಉಜ್ಜುವ ಜಾಗಕ್ಕೆ ವ್ಯಾಸಲಿನ್ ಹಚ್ಚಿ. ರೂಮು ಸೇರಿದ ತಕ್ಷಣ ಸ್ನಾನ ಮಾಡಿ, ಚಡ್ಡಿ ಒಗೆದು ಒಣಗಹಾಕಿ. ಒದ್ದೆ ಚಡ್ಡಿಯಲ್ಲಿ ಯಾವತ್ತೂ ಹೊರಡಬೇಡಿ. ಕೈ ಜೋಮು ಹಿಡಿದರೆ ಸೀಟಿನ ಮೂತಿ ಕೆಳಕ್ಕೆ ವಾಲಿದೆಯೇ ನೋಡಿ. ವಾಲಿದ್ದರೆ ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ.

ಊಟದ ವಿಷಯದಲ್ಲಿ ಈ ದಾರಿ ಪುಣ್ಯದ ದಾರಿ. ಬೆಳಿಗ್ಗೆ ಬೇಗ ಬಿಸಿ ಇಡ್ಲಿ, ಪೊಂಗಲ್ ಸಿಗುತ್ತದೆ. ಹಸಿವಾಗುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ, ಅಂದರೆ ನಮ್ಮ ಶೇಂಗಾ ಚಿಕ್ಕಿಗೆ, 2020ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬೆಲ್ಲ ಮತ್ತು ಶೇಂಗಾ ಎರಡೂ ಸೈಕಲ್ ತುಳಿಯುವವರಿಗೆ ಬೇಕಾದ್ದೇ. ನಾಲ್ಕು ಪೊಟ್ಟಣ ಜಾಸ್ತಿ ತಗೊಳ್ಳಿ. ನೀರಿನ ಜೊತೆ ಉಪ್ಪೂ ಒಳಗೆ ಹೋಗಬೇಕು. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಬ್ಯಾಗಿನಲ್ಲಿ ಓಆರ್‌ಎಸ್ ಇರಲಿ. ಹನ್ನೊಂದರಿಂದ ಮೂರು ಗಂಟೆಯವರೆಗೆ ಬಿಸಿಲಿನಲ್ಲಿ ತುಳಿಯದಿದ್ದರೆ ಇನ್ನೂ ಒಳ್ಳೆಯದು.

ಮದುರೈಯಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ. ಮೀನಾಕ್ಷಿ ಗುಡಿ ನೋಡಿ, ಜಿಗರ್‌ತಂಡಾ ಕುಡಿಯಿರಿ, ಮಲಗಿ.

ಹೆದ್ದಾರಿಯ ನಡವಳಿಕೆ

ಎಡ ಅಂಚಿನ ಬಿಳಿ ಗೆರೆಯ ಆಚೆ ಇರುವ ಜಾಗ ನಿಮ್ಮದು. ಆದರೆ ಅಲ್ಲೇ ಎದುರಿನಿಂದ ಬೈಕುಗಳೂ ಬರುತ್ತವೆ, ಅದಕ್ಕೇ ಕಣ್ಣು ದೂರ ಇರಲಿ. ಹ್ಯಾಂಡಲ್‌ಗೆ ಕನ್ನಡಿ, ಹಿಂದೆ ಹಗಲಲ್ಲೂ ಮಿನುಗುವ ಕೆಂಪು ಲೈಟು ಬೇಕೇ ಬೇಕು. ತುಂಬಾ ಅಪಾಯದ ಜಾಗ ಎಂದರೆ ಸರ್ವಿಸ್ ರೋಡ್ ಹೆದ್ದಾರಿಗೆ ಸೇರುವ ಮತ್ತು ಬಿಡುವ ತಾಣ. ಲಾರಿ ನಿಮ್ಮನ್ನು ದಾಟಿ ತಟ್ಟನೆ ಎಡಕ್ಕೆ ತಿರುಗುತ್ತದೆ. ಅಲ್ಲಿ ತಿರುಗಿ ನೋಡಿ, ಕೈ ತೋರಿಸಿ, ಅನುಮಾನವಿದ್ದರೆ ನಿಂತುಬಿಡಿ.

ಇಲ್ಲಿ ಪಂಕ್ಚರ್ ಆದರೆ ಮೊಳೆ ಇರಬೇಕು ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಒಡೆದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಕಣ್ಣಿಗೆ ಕಾಣುವುದಿಲ್ಲ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಭಾಗದಲ್ಲಿ ಬಟ್ಟೆಯನ್ನು ನಿಧಾನವಾಗಿ ಎಳೆದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ಇದೆ. ಚಿಮಟದಿಂದ ಕೀಳಿ. ಕೀಳದೆ ಬಿಟ್ಟರೆ ಹೊಸ ಟ್ಯೂಬೂ ಹೋಗುತ್ತದೆ.

ಮದುರೈಯಿಂದ ಮುಂದೆ: ಏರು ಶುರು

ದಿಂಡಿಗಲ್ 65, ಕರೂರು 75, ನಾಮಕ್ಕಲ್ 45, ಸೇಲಂ 50 ಕಿ.ಮೀ. ಈ ಹೊತ್ತಿಗೆ ಮೈ ಒಗ್ಗಿರುತ್ತದೆ, ಸೈಕಲ್ಲೂ ಒಗ್ಗಿರುತ್ತದೆ. ಗೇರು ಸರಿಯಾಗಿ ಕೂರದೆ ಕಟಕಟ ಅಂದರೆ ಹೊಸ ಕೇಬಲ್ ಎಳೆದು ಸಡಿಲವಾಗಿದೆ ಎಂದರ್ಥ. ಹಿಂದಿನ ಗೇರಿನ ಬಳಿ ಕೇಬಲ್ ಒಳಹೋಗುವಲ್ಲಿರುವ ತಿರುಪನ್ನು ಹೊರಮುಖವಾಗಿ ಅರ್ಧ ಸುತ್ತು ತಿರುಗಿಸಿ. ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ಒಂದೇ ಬದಿಯ ಕಡ್ಡಿಗಳು ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು. ಯಾವುದಾದರೂ ಮಂಕಾಗಿ ನುಡಿದರೆ ಸೇಲಂನಲ್ಲೇ ತೋರಿಸಿ, ಘಾಟಿಗೆ ಮುಂದೂಡಬೇಡಿ.

ಸೇಲಂನಿಂದ ಹೊಸೂರಿಗೆ ಸುಮಾರು 600 ಮೀಟರ್ ಎತ್ತರ ಏರಬೇಕು. ಧರ್ಮಪುರಿಗೆ ಮೊದಲು ತೊಪ್ಪೂರು ಘಾಟಿ. ಎದುರು ಬದಿಯಲ್ಲಿ ಇಳಿಯುವ ಲಾರಿಗಳ ಅಪಘಾತಕ್ಕೆ ಹೆಸರಾದ ಜಾಗ. ನೀವು ಏರುವ ಕಡೆ ಲಾರಿಗಳು ನಿಧಾನವಾಗಿಯೇ ಹೋಗುತ್ತವೆ. ಬೆಳಿಗ್ಗೆ ಬೇಗ ಹತ್ತಿ. ಅತಿ ಹಗುರ ಗೇರಿನಲ್ಲೂ ಆಗದಿದ್ದರೆ ಇಳಿದು ತಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಲಾರಿಯ ಹಿಂಭಾಗ ಹಿಡಿದು ತೇಲುವ ಹುಚ್ಚು ಸಾಹಸ ಮಾತ್ರ ಬೇಡ.

ಧರ್ಮಪುರಿ, ಕೃಷ್ಣಗಿರಿ, ಹೊಸೂರು ಒಂದೊಂದು ದಿನ. ಕೊನೆಯ 40 ಕಿ.ಮೀ.ಗೆ ಸಾಧ್ಯವಾದರೆ ಭಾನುವಾರ ಬೆಳಿಗ್ಗೆ ಹೊರಡಿ. ಅತ್ತಿಬೆಲೆ ದಾಟಿದ ಮೇಲೆ ಟ್ರಾಫಿಕ್ಕು ಘಾಟಿಗಿಂತ ಕಷ್ಟ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೇಲ್ಸೇತುವೆ ಹತ್ತದೆ ಕೆಳಗಿನ ರಸ್ತೆಯಲ್ಲೇ ಬನ್ನಿ.

ಬೆಂಗಳೂರಿನಲ್ಲಿ ಎರಡು ದಿನ ನಿಲ್ಲಿ. ಬ್ಯಾಗನ್ನೆಲ್ಲ ನೆಲಕ್ಕೆ ಸುರಿದು, ಇಷ್ಟು ದಿನ ಒಮ್ಮೆಯೂ ಮುಟ್ಟದ್ದನ್ನು ಮನೆಯಲ್ಲೇ ಬಿಡಿ. ಔಷಧಿ, ಟ್ಯೂಬು, ಮಳೆ ಅಂಗಿ, ಮುಂದೆ ಕಾಶ್ಮೀರಕ್ಕೆ ಬೇಕಾದ ಬೆಚ್ಚನೆ ಬಟ್ಟೆ ಮಾತ್ರ ಈ ಲೆಕ್ಕಕ್ಕಿಲ್ಲ. ಚಕ್ರ ನೇರ ಮಾಡಿಸಿ, ಬ್ರೇಕ್ ಪ್ಯಾಡ್ ನೋಡಿಸಿ. ಇಲ್ಲಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಬಾಗೇಪಲ್ಲಿಗೆ ಸುಮಾರು 100 ಕಿ.ಮೀ. ಮಂಡಿ ಸುಮ್ನೆ ಇದ್ದರೆ, ಈಗ ಅದನ್ನು ಒಂದೇ ದಿನದಲ್ಲಿ ತುಳಿಯಬಹುದು.