ಡೈಲಾಗ್ ಕಟ್ಟುವಾಗ ನಾನು ಬಟನ್‌ಗಳಿಂದ ಶುರು ಮಾಡುತ್ತೇನೆ

ಡೈಲಾಗ್ ಎಂದರೆ ಪ್ರೋಗ್ರಾಂ ಏನನ್ನಾದರೂ ಕೇಳಲು ತೆರೆಯುವ ಚಿಕ್ಕ ವಿಂಡೋ. ಅದನ್ನು ಕಟ್ಟಲು ಖಾಲಿ ಫಾರ್ಮ್ ತೆರೆದ ಕೂಡಲೇ ಟೆಕ್ಸ್ಟ್ ಬಾಕ್ಸ್, ಚೆಕ್ ಬಾಕ್ಸ್ ಎಳೆದು ಹಾಕುವುದಿಲ್ಲ. ಮೊದಲು ಕಾಗದದ ಮೇಲೆ ನಾಲ್ಕು ಪ್ರಶ್ನೆ: ಎಂಟರ್ ಒತ್ತಿದರೆ ಏನಾಗಬೇಕು? ಎಸ್ಕೇಪ್ ಒತ್ತಿದರೆ? ಮೂಲೆಯ ಎಕ್ಸ್ ಒತ್ತಿದರೆ? ಡೈಲಾಗ್ ತೆರೆದಿರುವಾಗಲೇ ಮುಖ್ಯ ವಿಂಡೋ ಮುಚ್ಚಿಹೋದರೆ? ಉತ್ತರ ಹೊಳೆಯದಿದ್ದರೆ ಆ ಡೈಲಾಗ್ ಬೇಕೇ ಎಂದು ಮತ್ತೊಮ್ಮೆ ಯೋಚಿಸುತ್ತೇನೆ.

ಎಸ್ಕೇಪ್, ಎಕ್ಸ್, ಕ್ಯಾನ್ಸಲ್ ಮೂರರ ಅರ್ಥವೂ ಒಂದೇ: ಏನನ್ನೂ ಮುಟ್ಟದೆ ಹೊರಗೆ ಬರುವುದು. ಅದಕ್ಕಾಗಿ ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಡೈಲಾಗ್‌ಗೆ ಕೊಡುತ್ತೇನೆ, ಓಕೆ ಒತ್ತಿದಾಗ ಮಾತ್ರ ಮೂಲಕ್ಕೆ ಬರೆಯುತ್ತೇನೆ. ಪ್ರತಿ ಕ್ಲಿಕ್‌ಗೂ ಮೂಲವನ್ನೇ ಬದಲಿಸಿ, ಕ್ಯಾನ್ಸಲ್ ಒತ್ತಿದಾಗ ಹಿಂದಕ್ಕೆ ತಿರುಗಿಸಲು ಹೋದರೆ ಯಾವುದೋ ಒಂದು ಮೌಲ್ಯ ಹಾಗೇ ಉಳಿದುಬಿಡುತ್ತದೆ. ಅಪ್ಲೈ (ಡೈಲಾಗ್ ಮುಚ್ಚದೆಯೇ ಬದಲಾವಣೆ ಜಾರಿ ಮಾಡುವ ಬಟನ್) ಇರುವ ಕಡೆ, ಅಪ್ಲೈ ಆದದ್ದನ್ನು ಕ್ಯಾನ್ಸಲ್ ಹಿಂದಕ್ಕೆ ತರುವುದಿಲ್ಲ. ಅಪ್ಲೈ ಅನ್ನು ನಾನು ಆದಷ್ಟು ದೂರ ಇಡುವುದಕ್ಕೆ ಈ ಗೊಂದಲವೇ ಕಾರಣ.

ವಿಂಡೋಸ್‌ನ ಸಿದ್ಧ ಮೆಸೇಜ್ ಬಾಕ್ಸ್‌ಗೆ ಯೆಸ್, ನೋ ಎರಡೇ ಬಟನ್ ಕೊಟ್ಟರೆ ಎಕ್ಸ್ ಮಸುಕಾಗುತ್ತದೆ, ಎಸ್ಕೇಪ್ ಕೂಡ ಕೆಲಸ ಮಾಡುವುದಿಲ್ಲ. ಜೊತೆಗೆ ಜನ ಮೇಲಿನ ವಾಕ್ಯ ಓದದೆ ಬಟನ್ ಮಾತ್ರ ನೋಡುತ್ತಾರೆ. ‘ಉಳಿಸದೆ ಮುಚ್ಚಬೇಕೆ?’ ಎಂದು ಕೇಳಿ ‘ಹೌದು’ ಇಟ್ಟರೆ ಕೆಲಸ ಕಳೆದುಕೊಳ್ಳುವವರು ಇದ್ದೇ ಇರುತ್ತಾರೆ. ‘ಉಳಿಸು’, ‘ಉಳಿಸಬೇಡ’, ‘ಕ್ಯಾನ್ಸಲ್’ ಎಂದು ಕ್ರಿಯಾಪದವನ್ನೇ ಬರೆಯುತ್ತೇನೆ. ಅಳಿಸುವಂಥ ಕೆಲಸವಾದರೆ ಎಂಟರ್ ಅನ್ನು ಕ್ಯಾನ್ಸಲ್‌ಗೆ ಕಟ್ಟುತ್ತೇನೆ.

ಬಟನ್‌ಗಳ ಕ್ರಮ ನಮ್ಮ ಇಷ್ಟವಲ್ಲ. ವಿಂಡೋಸ್‌ನಲ್ಲಿ ಓಕೆ ಮೊದಲು, ಕ್ಯಾನ್ಸಲ್ ಆಮೇಲೆ. ಮ್ಯಾಕ್‌ನಲ್ಲಿ ಮುಖ್ಯ ಬಟನ್ ಬಲತುದಿಗೆ, ಕ್ಯಾನ್ಸಲ್ ಅದರ ಎಡಕ್ಕೆ. ಕ್ಯೂಟಿ (Qt) ಎಂಬ ಲೈಬ್ರರಿಯಲ್ಲಿ ಬರೆಯುವುದಾದರೆ ಬಟನ್ ಬಾಕ್ಸ್‌ಗೆ ಪ್ರತಿ ಬಟನ್‌ನ ಪಾತ್ರ ಹೇಳಿದರೆ ಸಾಕು, ಜಾಗವನ್ನು ಅದೇ ನೋಡಿಕೊಳ್ಳುತ್ತದೆ.

ಇನ್ನು ಓನರ್, ಅಂದರೆ ಡೈಲಾಗ್ ಯಾವ ವಿಂಡೋಗೆ ಸೇರಿದ್ದೋ ಆ ವಿಂಡೋ. ‘ಓಪನ್ ಮಾಡಿದೆ, ಪ್ರೋಗ್ರಾಂ ಹ್ಯಾಂಗ್ ಆಯಿತು’ ಎಂಬ ದೂರು ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ. ಮೋಡಲ್ ಡೈಲಾಗ್‌ಗೆ (ಮುಚ್ಚುವ ತನಕ ಉಳಿದ ವಿಂಡೋಗಳನ್ನು ತಡೆದಿಡುವಂಥದ್ದು) ಓನರ್ ವಿಂಡೋ ಕೊಡದಿದ್ದರೆ ಅದು ಮುಖ್ಯ ವಿಂಡೋದ ಹಿಂದೆ ಸರಿದು ಕೂರಬಹುದು. ಮುಂದಿರುವುದು ಕ್ಲಿಕ್‌ಗೆ ಓಗೊಡುವುದಿಲ್ಲ, ಓಗೊಡಬೇಕಾದದ್ದು ಕಾಣುವುದಿಲ್ಲ. ಒಂದು ಡೈಲಾಗ್ ಇನ್ನೊಂದನ್ನು ತೆರೆದರೆ ಎರಡನೆಯದರ ಓನರ್ ಮೊದಲನೆಯ ಡೈಲಾಗ್ ಆಗಬೇಕು, ಮುಖ್ಯ ವಿಂಡೋ ಅಲ್ಲ.

ಅಳತೆಗೆ ವಿಂಡೋಸ್‌ನ ಹಳೆಯ ಡೈಲಾಗ್ ಯೂನಿಟ್ ಇವತ್ತಿಗೂ ಒಳ್ಳೆಯ ಆಸರೆ. ಅಡ್ಡಕ್ಕೆ ಅಕ್ಷರದ ಸರಾಸರಿ ಅಗಲದ ನಾಲ್ಕನೇ ಒಂದು, ಉದ್ದಕ್ಕೆ ಅಕ್ಷರದ ಎತ್ತರದ ಎಂಟನೇ ಒಂದು. ಈ ಯೂನಿಟ್‌ನಲ್ಲಿ ಬಟನ್ 50×14, ಸುತ್ತ ಅಂಚು 7, ಸಂಬಂಧವಿರುವ ಕಂಟ್ರೋಲ್‌ಗಳ (ಬಟನ್, ಬಾಕ್ಸ್‌ನಂಥವು) ನಡುವೆ 4. ತಹೋಮಾ 8 ಪಾಯಿಂಟ್ ಫಾಂಟ್, 96 ಡಿಪಿಐನಲ್ಲಿ (100 ಶೇಕಡಾ ಸ್ಕೇಲಿಂಗ್) ಆ ಬಟನ್ 75×23 ಪಿಕ್ಸೆಲ್. ಈ ಪಿಕ್ಸೆಲ್ ಲೆಕ್ಕವನ್ನೇ ಕೋಡ್‌ನಲ್ಲಿ ಬರೆದುಬಿಟ್ಟರೆ 150 ಶೇಕಡಾ ಸ್ಕೇಲಿಂಗ್‌ನಲ್ಲಿ ಲೇಬಲ್‌ನ ಬಾಲ ಕತ್ತರಿಸುತ್ತದೆ. ಅದಕ್ಕೇ ಅಳತೆಯನ್ನು, ತಾನೇ ಲೆಕ್ಕ ಹಾಕುವ ಲೇಔಟ್‌ಗೆ ಬಿಡುತ್ತೇನೆ. ಕನ್ನಡ ಪಠ್ಯವಿದ್ದರೆ ಲೇಬಲ್‌ನ ಎತ್ತರವನ್ನಂತೂ ಗಟ್ಟಿ ಮಾಡಲೇಬಾರದು, ಮೊದಲು ಕಾಣೆಯಾಗುವುದು ಕೆಳಗಿನ ಒತ್ತಕ್ಷರ. ಎತ್ತರದ ಮಿತಿಯೂ ಇದೆ: 1366×768 ಪರದೆ 125 ಶೇಕಡಾದಲ್ಲಿ ಸುಮಾರು 614 ಪಿಕ್ಸೆಲ್ ಸಾಲು ಮಾತ್ರ, ಟಾಸ್ಕ್‌ಬಾರ್ ಕಳೆದರೆ ಇನ್ನೂ ಕಡಿಮೆ. 550 ದಾಟಿದರೆ ಓಕೆ ಬಟನ್ ಪರದೆಯ ಕೆಳಗೆ ಇಳಿದುಹೋಗುವ ಅಪಾಯ. ಆಗ ಟ್ಯಾಬ್ ಮಾಡಿ ಒಡೆಯುತ್ತೇನೆ.

ತಪ್ಪು ತುಂಬಿದ್ದನ್ನು ಪರೀಕ್ಷಿಸುವುದು ಓಕೆ ಒತ್ತಿದಾಗಲೇ. ಕಂಟ್ರೋಲ್ ಬಿಟ್ಟು ಹೊರಡುವಾಗ ತಡೆದರೆ, ವಿನ್‌ಫಾರ್ಮ್ಸ್‌ನಲ್ಲಿ (ಮೈಕ್ರೋಸಾಫ್ಟ್‌ನ ವಿಂಡೋ ಕಟ್ಟುವ ಲೈಬ್ರರಿ) ಕ್ಯಾನ್ಸಲ್ ಬಟನ್‌ನ ‘ಕಾಸಸ್ ವ್ಯಾಲಿಡೇಶನ್’ (ಒತ್ತಲು ಹೋದಾಗ ಪರೀಕ್ಷೆ ನಡೆಯಬೇಕೇ ಎಂಬ ಗುಣ) ಅನ್ನು ಫಾಲ್ಸ್ ಮಾಡಲು ಮರೆತವರ ಡೈಲಾಗ್ ಇಲಿಬೋನಾಗುತ್ತದೆ: ದಿನಾಂಕ ಸರಿ ಬರೆಯುವ ತನಕ ಕ್ಯಾನ್ಸಲ್ ಕೂಡ ಇಲ್ಲ. ತಪ್ಪು ಸಿಕ್ಕಾಗ ಆ ಬಾಕ್ಸ್‌ಗೆ ಫೋಕಸ್ (ಕೀಬೋರ್ಡ್ ಒತ್ತಿದ್ದು ಹೋಗುವ ಜಾಗ) ಒಯ್ದು, ಒಳಗಿನ ಪಠ್ಯವನ್ನು ಸೆಲೆಕ್ಟ್ ಮಾಡಿ, ಪಕ್ಕದಲ್ಲೇ ಕಾರಣ ಬರೆಯುತ್ತೇನೆ. ಅದು ಬೇರೆ ಟ್ಯಾಬ್‌ನಲ್ಲಿದ್ದರೆ ಮೊದಲು ಆ ಟ್ಯಾಬ್ ತೆರೆಯಬೇಕು.

ಕೊನೆಗೆ ಮೌಸ್ ಕಿತ್ತಿಟ್ಟು ಒಂದು ಸುತ್ತು. ಲೇಬಲ್‌ನ ಅಡಿಗೆರೆ ಅಕ್ಷರವನ್ನು ಆಲ್ಟ್ ಜೊತೆ ಒತ್ತಿದರೆ ಫೋಕಸ್ ಹೋಗುವುದು ಟ್ಯಾಬ್ ಕ್ರಮದಲ್ಲಿ (ಟ್ಯಾಬ್ ಕೀ ಒತ್ತುತ್ತಾ ಹೋಗುವ ಕ್ರಮ) ಅದರ ನಂತರದ ಕಂಟ್ರೋಲ್‌ಗೆ. ಕಂಟ್ರೋಲ್‌ಗಳನ್ನು ಆಮೇಲೆ ಸೇರಿಸಿದ್ದರೆ ಈ ಕ್ರಮ ಕೆಟ್ಟೇ ಇರುತ್ತದೆ. ಹಾಗೆಯೇ ಡೈಲಾಗ್ ತನ್ನ ಜಾಗ ನೆನಪಿಟ್ಟುಕೊಳ್ಳುವುದಾದರೆ, ಎರಡನೇ ಮಾನಿಟರ್‌ನಲ್ಲಿ ಮುಚ್ಚಿ, ಅದರ ಕೇಬಲ್ ತೆಗೆದು, ಮತ್ತೆ ತೆರೆದಾಗ ಪರದೆಯ ಮೇಲೆ ಕಾಣುತ್ತದೆಯೇ ಎಂದು ನೋಡುತ್ತೇನೆ.