ಬೂಟು ಹಾಕಿಕೊಂಡೇ ಗೌನಿನ ಅಳತೆ ತೆಗೆದೆ

ಉದ್ದ ಗೌನು ಹೊಲಿಯೋದು ನನ್ನ ಕಸುಬು. ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಇದೆ. ಊರವರಿಗೆಲ್ಲ ಹೊಲಿದುಕೊಟ್ಟರೂ, ನನಗೊಂದು ಹೊಲಿದುಕೊಂಡು ಅದಕ್ಕೆ ಬೂಟು ಹಾಕಬೇಕು ಅನ್ನೋ ಆಸೆ ಹಾಗೇ ಉಳಿದಿತ್ತು. ಹೋದ ವರ್ಷ ತೀರಿತು. ಒಂದೇ ಸಲಕ್ಕಲ್ಲ.

ಮೊದಲು ಆನ್‌ಲೈನಲ್ಲಿ ಮೊಣಕಾಲುದ್ದದ ಬೂಟು ತರಿಸಿದೆ. ಪೆನ್ಸಿಲ್ ಹೀಲ್ಸು ಬೇರೆ. ಹಾಕಿ ನೋಡಿದರೆ ಜಿಪ್ಪು ಮೀನಖಂಡದ ಹತ್ತಿರ ನಿಂತುಬಿಟ್ಟಿತು. ಪಾದದ ಸೈಜು ನೋಡಿದ್ದೆ, ಮೀನಖಂಡದ ಸುತ್ತಳತೆ ನೋಡಿರಲಿಲ್ಲ. ದಿನವೆಲ್ಲ ಟೇಪು ಕೊರಳಿಗೆ ಹಾಕಿಕೊಂಡು ಓಡಾಡೋಳು ನಾನು! ಅಮ್ಮ ಬಾಗಿಲಲ್ಲಿ ನಿಂತು, "ಗದ್ದೆಗೆ ಇಳಿಯೋಕೆ ತರಿಸಿದ್ಯೇನೇ?" ಅಂದರು. ವಾಪಸ್ ಕಳಿಸಿದೆ.

ಆಮೇಲೆ ಹೊಳೆಯಿತು. ಗೌನೇ ನೆಲದವರೆಗೆ ಇದ್ದರೆ ಅಷ್ಟುದ್ದ ಬೂಟು ಯಾರಿಗೆ ಕಾಣಬೇಕು? ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಸುಮ್ನೆ ಸೆಕೆ. ನಡೆಯುವಾಗ ಕಾಣೋದು ಬೂಟಿನ ಮೂತಿ, ಹೀಲ್ಸು, ಹೆಚ್ಚೆಂದರೆ ಕಾಲಿನ ಹರಡು. ಅದಕ್ಕೆ ಆಂಕಲ್ ಬೂಟು ಸಾಕು, ಅಲ್ವಾ?

ಈ ಸಲ ಅಂಗಡಿಗೇ ಹೋದೆ, ಅದೂ ಸಂಜೆ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ, ಆಗ ಹಿಡಿಸಿದ ಬೂಟು ಆಮೇಲೆ ಕಚ್ಚೋದಿಲ್ಲ. ನನ್ನ ಹತ್ತಿ ಸಾಕ್ಸನ್ನೇ ಒಯ್ದಿದ್ದೆ. ಜಿಪ್ಪಿನದು ಬೇಡ ಅಂದೆ. ಗೌನಿನ ನೂಲು ಜಿಪ್ಪಿಗೆ ಸಿಕ್ಕಿದರೆ ಕಥೆ ಮುಗೀತು. ಪಕ್ಕದಲ್ಲಿ ಎಲಾಸ್ಟಿಕ್ ಇರೋ ಕಪ್ಪು ಚರ್ಮದ ಚೆಲ್ಸಿ ಬೂಟು ಸಿಕ್ಕಿತು. 2 ಇಂಚಿನ ದಪ್ಪ ಹೀಲ್ಸು, ರಬ್ಬರ್ ಅಡಿ. ಗುಂಡು ಮೂತಿಯದು ಬಿಟ್ಟು, ಕೊಂಚ ಚೂಪಾದದ್ದನ್ನು ಆರಿಸಿದೆ. ನನ್ನಂಥ ಗಿಡ್ಡಿಗೆ ಗುಂಡು ಮೂತಿ ಇನ್ನೂ ಗಿಡ್ಡ ತೋರಿಸುತ್ತೆ.

ಚರ್ಮ ಹದಕ್ಕೆ ಬರಲಿ ಅಂತ ಒಂದು ವಾರ ದಿನಾ ಒಂದು ಗಂಟೆ ಮನೆಯಲ್ಲೇ ಹಾಕಿಕೊಂಡೆ. ಮಷೀನಿನ ಮುಂದೆ ಕೂತರೆ ಬೂಟಿನ ದಪ್ಪ ಅಡಿಯಿಂದಾಗಿ ಪೆಡಲ್ ಒತ್ತಿದ್ದೇ ಗೊತ್ತಾಗಲಿಲ್ಲ. ಮಷೀನು ಓಡಿಬಿಟ್ಟು ಯಾರದೋ ರವಿಕೆಯ ತೋಳು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದೆ.

ಗೌನು ರೇಯಾನಿನದು, ಕೊಡೆಯಂತೆ ಹರಡೋ ಅಂಬ್ರೆಲಾ ಕಟ್. ರೇಯಾನ್ ಒಗೆದರೆ ಕುಗ್ಗುತ್ತೆ, ಹಾಗಾಗಿ ಕತ್ತರಿಸುವ ಮೊದಲೇ ಬಟ್ಟೆ ಒಗೆದೆ. ಹೊಲಿದ ಮೇಲೆ ಒಂದು ರಾತ್ರಿ ನೇತುಹಾಕಿದೆ. ಓರೆಯಾಗಿ ಬಂದ ಬಟ್ಟೆ ತನ್ನ ಭಾರಕ್ಕೆ ತಾನೇ ಅಲ್ಲಲ್ಲಿ ಇಳಿಯುತ್ತೆ. ಬೆಳಿಗ್ಗೆ ಬೂಟು ಹಾಕಿಕೊಂಡು ನೆಟ್ಟಗೆ ನಿಂತೆ. ನಾನೇ ಬಗ್ಗಿದರೆ ಅಳತೆ ಕೆಡುತ್ತೆ, ಅದಕ್ಕೆ ಪಕ್ಕದ ಮನೆ ಹುಡುಗಿಯನ್ನು ಕರೆದೆ. ಅವಳು ನೆಲಕ್ಕೆ ಸ್ಕೇಲ್ ಊರಿ, ಒಂದೂವರೆ ಇಂಚಿಗೆ ಸುತ್ತಲೂ ಚಾಕ್‌ಪೀಸಲ್ಲಿ ಗುರುತು ಹಾಕಿದಳು. "ಅಕ್ಕಾ, ಅಲ್ಲಾಡಬೇಡಿ!" ಅಂತ ನಾಲ್ಕು ಸಲ ಬೈದಳು. ಮುಂದುಗಡೆ ಅರ್ಧ ಇಂಚು ಜಾಸ್ತಿ ಮೇಲೆ ಹಿಡಿದೆ, ಮೆಟ್ಟಿಲು ಹತ್ತುವಾಗ ಬೂಟಿನ ಮೂತಿಗೆ ಸಿಗಬಾರದಲ್ಲ.

ಮೆಟ್ಟಿಲು ಅಂದರೆ ಚಿತ್ರದುರ್ಗದ ಕೋಟೆ. ತಂಗಿ ಜೊತೆ ಬಸ್ಸಲ್ಲಿ ಹೋದೆ. ಜನ ತುಳಿದು ನುಣುಪಾದ ಕಲ್ಲಿನ ಮೇಲೆ ರಬ್ಬರ್ ಅಡಿ ಉಳಿಸಿತು. ಗೌನು ಎಲ್ಲೂ ತೊಡರಲಿಲ್ಲ. ಮೇಲೆ ಏರಿದ ಮೇಲೆ ಶುರುವಾಯಿತು ಗಾಳಿ. ದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ! ಅಂಬ್ರೆಲಾ ನಿಜವಾಗಿ ಅಂಬ್ರೆಲಾ ಆಯಿತು. ಫೋಟೋಗಳಲ್ಲೆಲ್ಲ ನಾನು ಎರಡು ಕೈಯಲ್ಲಿ ಗೌನು ಅದುಮಿಕೊಂಡೇ ಇದ್ದೇನೆ.

ಮನೆಗೆ ಬಂದು ಗೌನಿನ ಒಳಮಗ್ಗುಲು ನೋಡಿದರೆ ಬೂಟಿನ ಕಪ್ಪು ಪಾಲಿಶ್ ಸುತ್ತಲೂ ಹತ್ತಿತ್ತು. ಗಾಳಿ, ಪಾಲಿಶ್ ಎರಡಕ್ಕೂ ಒಂದೇ ಮದ್ದು ಸಿಕ್ಕಿತು: ಸೀರೆಯ ಫಾಲ್. ನೇರ ಪಟ್ಟಿ ಅಂಬ್ರೆಲಾದ ದುಂಡಗಿನ ಅಂಚಿಗೆ ಕೂರೋದಿಲ್ಲ. ಉದ್ದಕ್ಕೆ ಅರ್ಧ ಸೀಳಿ, ಮೇಲಂಚಿನಲ್ಲಿ ಅಲ್ಲಲ್ಲಿ ಸಣ್ಣ ನೆರಿಗೆ ಹಿಡಿದು ಒಳಗೆ ಹೆಮ್ಮಿಂಗ್ ಹಾಕಿದೆ. ಗೌನಿಗೆ ಸ್ವಲ್ಪ ಭಾರವೂ ಬಂತು. ಈಗ ಪಾಲಿಶ್ ಕಲೆ ಫಾಲ್‌ಗೇ ಆಗುತ್ತೆ, ತೀರಾ ಕೊಳೆಯಾದರೆ ಬಿಚ್ಚಿ ಬೇರೆ ಹಾಕುತ್ತೇನೆ.