ಬ್ಯಾಂಕಾಕ್‌ನಲ್ಲಿ ಸಸ್ಯಾಹಾರಿ ಊಟ: ಹಳದಿ ಬಾವುಟ ಹುಡುಕಿ

ವಿಜಯಪುರದಲ್ಲಿ ನಮ್ಮದೊಂದು ಚಿಕ್ಕ ಖಾನಾವಳಿ. ಮಗನ ಜೊತೆ ಬ್ಯಾಂಕಾಕ್‌ಗೆ ಹೊರಟಾಗ ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: "ಅಕ್ಕಾರ, ಅಲ್ಲಿ ನಿಮಗ ಉಣ್ಣಾಕ ಏನೂ ಸಿಗೂದಿಲ್ರಿ." ಸಿಗುತ್ತದೆ. ಹೊಟ್ಟೆ ತುಂಬ ಸಿಗುತ್ತದೆ. ಕೇಳುವ ರೀತಿ ಗೊತ್ತಿರಬೇಕು, ಅಷ್ಟೇ.

ಅಲ್ಲಿ ತರಕಾರಿ ನೋಡಿ ನಂಬಬೇಡಿ. ಮೊದಲ ದಿನ ಒಂದು ಗಾಡಿಯಲ್ಲಿ ಹಸಿರು ಸೊಪ್ಪಿನ ಪಲ್ಯ ತೋರಿಸಿ ಹಾಕಿಸಿಕೊಂಡೆ. ತುತ್ತು ಬಾಯಿ ಹತ್ತಿರ ಬಂದಾಗಲೇ ಮೀನಿನ ವಾಸನೆ. ನಾವು ಉಪ್ಪು ಹಾಕುವ ಕಡೆ ಅವರು 'ನಾಮ್ ಪ್ಲಾ' ಹಾಕುತ್ತಾರೆ. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ತೆಗೆದ ರಸ ಅದು. ಸುಮ್ನೆ 'ವೆಜ್' ಅಂದರೆ ಮಾಂಸದ ತುಂಡು ಬಿಡುತ್ತಾರೆ, ಈ ರಸ ಬಿಡುವುದಿಲ್ಲ.

ಅದಕ್ಕೇ 'ಜೇ' ಅನ್ನಿ. ಚೀನೀ ಮೂಲದವರ ವ್ರತದ ಊಟ ಇದು. ಮೀನು, ಮಾಂಸ, ಮೊಟ್ಟೆ, ಹಾಲು ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಇಲ್ಲ. ಅಂಗಡಿ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ವರ್ಷಕ್ಕೊಮ್ಮೆ ಒಂಬತ್ತು ದಿನ ಜೇ ಹಬ್ಬ ಇರುತ್ತದೆ. 2024ರಲ್ಲಿ ಅದು ನಮ್ಮ ನವರಾತ್ರಿಯ ದಿನವೇ, ಅಕ್ಟೋಬರ್ 3ಕ್ಕೆ ಶುರುವಾಗಿತ್ತು. ಆಗ ಚೈನಾಟೌನ್‌ನ ಯಾವೋರಾತ್ ಬೀದಿ ತುಂಬ ಹಳದಿಯೇ. ಮೆಟ್ರೋದಲ್ಲಿ ವಾಟ್ ಮಂಗ್‌ಕೋನ್ ನಿಲ್ದಾಣಕ್ಕೆ ಇಳಿಯಿರಿ, ಸಂಜೆ ಮೇಲೆ ಹೋಗಿ. ಸೋಮವಾರ ಬೇಡ, ಅವತ್ತು ಅನೇಕ ಗಾಡಿಗಳು ಇರುವುದಿಲ್ಲ.

ನನಗೆ ತುಂಬ ಹಿಡಿಸಿದ್ದು ಸೋಮ್ ತಾಮ್, ಅಂದರೆ ಕಾಯಿ ಪಪ್ಪಾಯಿಯ ಕೋಸಂಬರಿ. ಆಳದ ಮಣ್ಣಿನ ಒರಳು, ಕಟ್ಟಿಗೆಯ ಒನಕೆ. ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ, ಬೆಲ್ಲ, ನಿಂಬೆರಸ, ಟೊಮೆಟೊ, ಹುರಿದ ಶೇಂಗಾ, ಮೇಲೆ ಕಾಯಿ ಪಪ್ಪಾಯಿಯ ಎಳೆ. ಒಂದು ಕೈ ಕುಟ್ಟುತ್ತದೆ, ಇನ್ನೊಂದು ಕೈ ಚಮಚದಿಂದ ಅಡಿಯದ್ದನ್ನು ಮೇಲಕ್ಕೆತ್ತುತ್ತದೆ. ಶೇಂಗಾ ಹಿಂಡಿ ಕುಟ್ಟುವ ನಮ್ಮಮ್ಮನ ಕೈ ನೆನಪಾಗಿ ಅಲ್ಲೇ ನಿಂತುಬಿಟ್ಟೆ. ಅದರಲ್ಲಿ ಒಣ ಸಿಗಡಿಯೂ ಬೀಳುತ್ತದೆ. ಒನಕೆ ಎತ್ತುವ ಮೊದಲೇ ಹೇಳಿ: "ಮೈ ಸೈ ನಾಮ್ ಪ್ಲಾ, ಮೈ ಸೈ ಕುಂಗ್ ಹೇಂಗ್." ಮೀನಿನ ರಸ ಬೇಡ, ಒಣ ಸಿಗಡಿ ಬೇಡ ಅಂತ ಅರ್ಥ. ಒರಳು ತೊಳೆಯಲೂ ಹೇಳಿ, ಕೈಸನ್ನೆ ಸಾಕು.

ಸಿಹಿಗೆ ಮಾವಿನಹಣ್ಣು, ತೆಂಗಿನ ಹಾಲು ಹಾಕಿದ ಅಂಟು ಅನ್ನ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಚೆನ್ನಾಗಿರುತ್ತದೆ. ಚಪಾತಿ, ದಾಲ್ ಬೇಕೆನಿಸಿದರೆ ಭಾರತೀಯರ ಓಣಿ ಫಾಹುರತ್‌ಗೆ ಹೋಗಿ, ಗುರುದ್ವಾರವೂ ಅಲ್ಲೇ ಇದೆ.

ದೊಡ್ಡ ಊಟಕ್ಕೆ 'ಗಾ' ಅನ್ನುವ ಹೋಟೆಲ್ ಇದೆ. ಅದನ್ನು ನಡೆಸುವ ಗರಿಮಾ ಅರೋರಾ 2018ರಲ್ಲಿ, ಒಳ್ಳೆಯ ಹೋಟೆಲ್‌ಗಳ ಅಡುಗೆಗೆ ಕೊಡುವ ಮಿಶೆಲಿನ್ ಸ್ಟಾರ್ ಪಡೆದ ಮೊದಲ ಭಾರತೀಯ ಮಹಿಳೆ. ಇಂಥ ಕಡೆ ಟೇಬಲ್ ಕಾಯ್ದಿರಿಸುವಾಗಲೇ ನಿಮಗೆ ಏನೇನು ಬೇಡ ಅಂತ ಬಿಡಿಸಿ ಬರೆಯಿರಿ. ಕೂತ ಮೇಲೆ ಹೇಳಿದರೆ ಕಷ್ಟ. ಅಡುಗೆಮನೆಯಲ್ಲಿ ಮೀನು, ಮಾಂಸದ ರಸ ಕುದಿಸುವ ಕೆಲಸ ನೀವು ಬರುವ ಮೊದಲೇ ಮುಗಿದಿರುತ್ತದೆ.